ಅರಿವಿದೆ ಎಂದ ಮಾತ್ರಕ್ಕೆ ಆತ್ಮ ಇದೆಯೇ?

(ನಮ್ಮೂರ ಗ್ರಂಥಾಲಯದಲ್ಲಿ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಕೇಳುಗರ ಪ್ರಶ್ನೆಗಳಲ್ಲಿ ಮೂರನ್ನು ಕೊನೆಯಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2017ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಡೆದ ಆಪರೇಷನ್ ಸುದ್ದಿಯನ್ನು ನಿಮ್ಮಲ್ಲಿ ಕೆಲವರು ಪೇಪರಿನಲ್ಲಿ ಓದಿರಬಹುದು. ರೋಗಿ ಗಿಟಾರ್ ನುಡಿಸುವ ಯುವಕ. ನುಡಿಸಲು ಕೂತರೆ ಸಾಕು, ಬೆರಳುಗಳು ಮುರುಟಿಕೊಂಡು ಹೇಳಿದ ಮಾತು ಕೇಳುತ್ತಿರಲಿಲ್ಲ. ತೊಂದರೆ ಇದ್ದದ್ದು ಮಿದುಳಿನಲ್ಲಿ. ವೈದ್ಯರು ತಲೆಬುರುಡೆಯಲ್ಲಿ ಸಣ್ಣ ತೂತು ಕೊರೆದು, ಥಾಲಮಸ್ ಎಂಬ ಒಳಭಾಗದವರೆಗೆ ತೆಳ್ಳನೆಯ ಸಲಕರಣೆ ಇಳಿಸಿದರು. ಆತನಿಗೆ ಎಚ್ಚರವಿತ್ತು. ಆಪರೇಷನ್ ಮೇಜಿನ ಮೇಲೆಯೇ ಗಿಟಾರ್ ನುಡಿಸುತ್ತಿದ್ದ. ವೈದ್ಯರು ಒಂದೊಂದೇ ಚುಕ್ಕೆ ಸುಡುತ್ತಾ ಹೋದರು. ಆತ ನುಡಿಸುತ್ತಾ ಹೋದ. ಮೇಜಿನಿಂದ ಏಳುವ ಮೊದಲೇ ಬೆರಳುಗಳು ಬಿಟ್ಟುಕೊಂಡವು.

ಈ ಘಟನೆಗೆ ಎರಡು ಮುಖ ಇದೆ ನೋಡಿ. ಹೊರಗಿನಿಂದ ನೋಡಿದರೆ ಬಿಸಿ ತಾಗಿ ಒಂದಿಷ್ಟು ಜೀವಕೋಶ ಸತ್ತವು, ಅಷ್ಟೇ. ಒಳಗಿನಿಂದ ಒಬ್ಬ ಮನುಷ್ಯನಿಗೆ 'ಅಬ್ಬಾ, ನನ್ನ ಕೈ ನನಗೆ ವಾಪಸ್ ಬಂತು' ಎನ್ನುವ ನಿರಾಳ. ಆ ಕೋಣೆಯಲ್ಲಿದ್ದ ಯಾವ ಯಂತ್ರಕ್ಕೂ, ಯಾವ ವೈದ್ಯರಿಗೂ ಆ ನಿರಾಳ ಕಾಣಲಿಲ್ಲ. ಅವರಿಗೆ ಕಂಡದ್ದು ಬೆರಳು, ತೆರೆಯ ಮೇಲಿನ ಚಿತ್ರ. ಆ ನಿರಾಳ ಆತನೊಬ್ಬನಿಗೇ ಗೊತ್ತು. ಇದನ್ನೇ ನಾನು ಇವತ್ತು ಪ್ರಜ್ಞೆ, ಅರಿವು ಎಂದು ಕರೆಯುತ್ತಿದ್ದೇನೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ. ಹೋಗಿಲ್ಲದಿದ್ದರೆ ದಯವಿಟ್ಟು ಒಮ್ಮೆ ಹೋಗಿ. ಅಲ್ಲಿ ನಿಜವಾದ ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಮನುಷ್ಯನ ಮಿದುಳಿನ ತೂಕ ಒಂದೂವರೆ ಕಿಲೋ ಕೂಡ ಇಲ್ಲ. ಅದನ್ನು ಹಿಡಿದವರಿಗೆಲ್ಲ ಒಂದೇ ಯೋಚನೆ ಬರುತ್ತದೆ ಅಂತ ನನ್ನ ಅಂದಾಜು. ಒಬ್ಬರ ಬಾಲ್ಯ, ಮದುವೆ, ಸಾಲ, ಸಿಟ್ಟು, ಹಾಡು ಎಲ್ಲ ಇಷ್ಟರೊಳಗೇ ಇತ್ತಾ? ಇಲ್ಲಪ್ಪ, ಇದರೊಳಗೆ ಬೇರೆ ಯಾರೋ ಇದ್ದಿರಬೇಕು. ಆತ್ಮ ಇದ್ದಿರಬೇಕು.

ಈ ಯೋಚನೆಯನ್ನು ನಾನು ಹಗುರ ಮಾಡುವುದಿಲ್ಲ. ಇದರ ಹಿಂದಿರುವ ಒಗಟು ನಿಜವಾದದ್ದು. 1995ರಲ್ಲಿ ಡೇವಿಡ್ ಚಾಮರ್ಸ್ ಎಂಬ ತತ್ವಜ್ಞಾನಿ ಇದನ್ನು ಸ್ಪಷ್ಟವಾಗಿ ಹೇಳಿದರು. ಮಿದುಳು ಹೇಗೆ ನೋಡುತ್ತದೆ, ಹೇಗೆ ನೆನಪಿಡುತ್ತದೆ ಎಂಬುದನ್ನು ಇವತ್ತಲ್ಲ ನಾಳೆ ವಿವರಿಸಬಹುದು. ಆದರೆ ಇಷ್ಟೆಲ್ಲ ನಡೆಯುವಾಗ ಒಳಗೊಂದು ಅನುಭವ ಯಾಕೆ ಇರಬೇಕು? ಕತ್ತಲಲ್ಲೇ, ಯಾರಿಗೂ ಏನೂ ಅನಿಸದೆಯೇ, ಇದೆಲ್ಲ ನಡೆಯಬಹುದಿತ್ತಲ್ಲ? 1998ರಲ್ಲಿ ಇದೇ ಚಾಮರ್ಸ್ ಜೊತೆ ನರವಿಜ್ಞಾನಿ ಕ್ರಿಸ್ಟೋಫ್ ಕಾಖ್ ಪಂದ್ಯ ಕಟ್ಟಿದರು. ಅರಿವಿಗೆ ಕಾರಣವಾಗುವ ಮಿದುಳಿನ ಚಟುವಟಿಕೆ ಯಾವುದು ಎಂದು 25 ವರ್ಷದೊಳಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ ಎಂಬುದು ಕಾಖ್ ಅವರ ನಂಬಿಕೆ. 2023ರಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಸೋಲು ಒಪ್ಪಿಕೊಂಡು ವೈನ್ ಬಾಟಲಿಗಳನ್ನು ಕೊಟ್ಟರು. ವಿಜ್ಞಾನ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಇದು ಒಪ್ಪಬೇಕಾದ ಮಾತು.

ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಅಪ್ಪ ತೀರಿಕೊಂಡಾಗ ಮನೆಯವರು ಏನು ಕೇಳುತ್ತಾರೆ? ಅಪ್ಪ ಈಗ ಎಲ್ಲಿದ್ದಾರೆ, ನಮ್ಮನ್ನು ನೋಡುತ್ತಿದ್ದಾರಾ, ನಮ್ಮ ನೆನಪು ಇದೆಯಾ, ಸಿಟ್ಟು ಹೋಗಿದೆಯಾ. ಅಂದರೆ ನಮಗೆ ಬೇಕಾದ ಆತ್ಮಕ್ಕೆ ನೆನಪಿದೆ, ಪ್ರೀತಿಯಿದೆ, ಸ್ವಭಾವವಿದೆ. ಅದು ಅಪ್ಪನೇ. ಅರಿವು ಒಂದು ಒಗಟು ಎಂಬುದರಿಂದ ಈ ಆತ್ಮ ಇದೆ ಎಂದು ಹೇಳಲು ಬರುತ್ತದಾ? ಬರುವುದಿಲ್ಲ ಅಂತ ನನ್ನ ವಾದ. ಇದನ್ನು ಮೊದಲು ಕಂಡವರು ಪಶ್ಚಿಮದ ವಿಜ್ಞಾನಿಗಳಲ್ಲ. ನಮ್ಮ ಉಪನಿಷತ್ತಿನವರೇ ಬಹಳ ಹಿಂದೆ ಕಂಡಿದ್ದರು.

ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಒಂದು ಪ್ರಯೋಗ ಬರುತ್ತದೆ. ಶ್ವೇತಕೇತು 12 ವರ್ಷ ಗುರುಗಳ ಬಳಿ ಓದಿ, ವೇದ ಎಲ್ಲ ಬಾಯಿಪಾಠ ಮಾಡಿಕೊಂಡು, ಸ್ವಲ್ಪ ಜಂಬದಿಂದಲೇ ಮನೆಗೆ ಬಂದ ಹುಡುಗ. ಅಪ್ಪ ಉದ್ದಾಲಕ ಅವನಿಗೆ ಹೇಳುತ್ತಾನೆ: 15 ದಿನ ಊಟ ಬಿಡು. ನೀರು ಎಷ್ಟು ಬೇಕಾದರೂ ಕುಡಿ, ಜೀವಕ್ಕೇನೂ ಆಗುವುದಿಲ್ಲ. ಹುಡುಗ ಹಾಗೇ ಮಾಡುತ್ತಾನೆ. ಆಮೇಲೆ ಬಂದು, ಏನು ಹೇಳಲಿ ಅಪ್ಪಾ ಎನ್ನುತ್ತಾನೆ. ಋಕ್ಕು ಹೇಳು, ಯಜುಸ್ಸು ಹೇಳು, ಸಾಮ ಹೇಳು. ಹುಡುಗನಿಗೆ ಒಂದೂ ನೆನಪಾಗುವುದಿಲ್ಲ! 12 ವರ್ಷದ ಓದು ಬಾಯಿಗೆ ಬರುವುದಿಲ್ಲ. ದೊಡ್ಡ ಬೆಂಕಿ ಆರಿ ಮಿಂಚುಹುಳುವಿನಷ್ಟು ಕೆಂಡ ಉಳಿದರೆ ಅದು ಎಷ್ಟು ಸುಟ್ಟೀತು, ಹೋಗು ಊಟ ಮಾಡು ಎನ್ನುತ್ತಾನೆ ಅಪ್ಪ. ಉಂಡು ಬಂದ ಮೇಲೆ ಕೇಳಿದ್ದೆಲ್ಲ ಸರಾಗವಾಗಿ ಬರುತ್ತದೆ. ಆಗ ಉದ್ದಾಲಕ ಹೇಳುವ ತೀರ್ಮಾನ: ಮನಸ್ಸು ಅನ್ನದಿಂದ ಆದದ್ದು.

ಎಂಥ ಧೈರ್ಯದ ಮಾತು, ಅಲ್ವಾ? ಅದೂ ವೇದವನ್ನೇ ಪ್ರಯೋಗದ ಸಾಮಗ್ರಿ ಮಾಡಿಕೊಂಡು. ನೆನಪು ಊಟದ ಮೇಲೆ ನಿಂತಿದೆ ಎಂದು ತೋರಿಸಿದವನು ನಾಸ್ತಿಕನಲ್ಲ. ಇದಾದ ಕೂಡಲೇ ಮಗನಿಗೆ 'ತತ್ತ್ವಮಸಿ' ಎಂದು ಬೋಧಿಸುವ ಅದೇ ಉದ್ದಾಲಕ. ನಮ್ಮ ಹಳೆಯ ದರ್ಶನಗಳಲ್ಲಿ ಒಂದಾದ ಸಾಂಖ್ಯದವರೂ ಇದೇ ದಾರಿಯಲ್ಲಿ ನಡೆದರು. ಮನಸ್ಸು, ಬುದ್ಧಿ, ಅಹಂಕಾರ ಮೂರನ್ನೂ ಪ್ರಕೃತಿಯ ಪಾಲಿಗೆ, ಅಂದರೆ ಜಡದ ಪಾಲಿಗೆ ಹಾಕಿದರು. ಪುರುಷನಿಗೆ, ಅಂದರೆ ಆತ್ಮಕ್ಕೆ, ಬಿಟ್ಟದ್ದು ಬರೀ ಅರಿವು. 'ನಾನು ಇಂಥವನು, ನನಗೆ ಇದು ಇಷ್ಟ' ಎನ್ನುವುದೆಲ್ಲ ಅವರ ಲೆಕ್ಕದಲ್ಲಿ ಆ ಕಡೆಯದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸಭೆಯಲ್ಲೂ ಬಂತು. ಮಿದುಳು ವೀಣೆ ಇದ್ದ ಹಾಗೆ, ಆತ್ಮ ವೈಣಿಕ. ತಂತಿ ಹರಿದರೆ ಅಪಸ್ವರ ಬರುತ್ತದೆ. ಅಷ್ಟಕ್ಕೇ ವೈಣಿಕ ಇಲ್ಲ ಎನ್ನುತ್ತೀರಾ? ಒಳ್ಳೆಯ ವಾದ. ಪೆಟ್ಟು ಬಿದ್ದು ಮಾತು ನಿಂತವರ ವಿಷಯದಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಒಳಗೆ ಮಾತಿದೆ, ಹೊರಗೆ ಬರುತ್ತಿಲ್ಲ. ಆದರೆ ಎಲ್ಲ ಕಡೆ ಹೀಗಲ್ಲ. ನನ್ನ ದೊಡ್ಡಮ್ಮ ಜೀವನದುದ್ದಕ್ಕೂ ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಮರೆವಿನ ಕಾಯಿಲೆ ಹೆಚ್ಚಿದ ಮೇಲೆ, ಅಕ್ಕಿ ಕದ್ದೆ ಎಂದು ಸೊಸೆಯ ಮೇಲೆ ಕೂಗಾಡುತ್ತಿದ್ದರು. ದಿಂಬಿನ ಕೆಳಗೆ ಒಂದು ಹಿಡಿ ಅಕ್ಕಿ ಗಂಟು ಕಟ್ಟಿ ಇಟ್ಟುಕೊಳ್ಳುತ್ತಿದ್ದರು. ಸೊಸೆ ಕದಿಯುತ್ತಾಳೆ ಎಂದು ನಿಜವಾಗಿಯೂ ನಂಬಿದ್ದರು, ನಿಜವಾಗಿಯೂ ಹೆದರಿದ್ದರು. ವೈಣಿಕ ಸರಿಯಾಗಿದ್ದು ತಂತಿ ಮಾತ್ರ ಹರಿದಿದ್ದರೆ ಒಳಗೆ ಹಳೆಯ ದೊಡ್ಡಮ್ಮ ಸೊಸೆಯನ್ನು ನಂಬಿಕೊಂಡೇ ಇರಬೇಕಿತ್ತು. ಹಾಗೆ ಕಾಣಲಿಲ್ಲ. ರೋಗ ಮುಟ್ಟಿದ್ದು ರಾಗವನ್ನೇ, ರಸಿಕತೆಯನ್ನೇ, ನುಡಿಸುವವರ ಮನಸ್ಸನ್ನೇ. ಹಾಗಾದರೆ ವೈಣಿಕನಿಗೆ ಅಂತ ಉಳಿದದ್ದೇನು?

ಒಂದು ಮಾತು ಇಲ್ಲಿ ಸೇರಿಸಬೇಕು. ವರ್ಷಗಟ್ಟಲೆ ಯಾರನ್ನೂ ಗುರುತಿಸದ ಕೆಲವು ರೋಗಿಗಳು ಸಾಯುವ ಮುಂಚೆ ಸ್ವಲ್ಪ ಹೊತ್ತು ತಟ್ಟನೆ ಸ್ಪಷ್ಟವಾಗಿ ಮಾತಾಡಿದ್ದುಂಟು. ಇದು ಕಟ್ಟುಕತೆಯಲ್ಲ, ವೈದ್ಯರು ದಾಖಲಿಸಿದ್ದಾರೆ. ಯಾಕೆ ಹೀಗೆ ಎಂಬುದಕ್ಕೆ ಗಟ್ಟಿ ವಿವರಣೆ ಇನ್ನೂ ಇಲ್ಲ. ವೀಣೆಯ ವಾದಕ್ಕೆ ಇದು ಸ್ವಲ್ಪ ಬಲ ಕೊಡುತ್ತದೆ. ಆದರೆ ಆ ಹೊತ್ತಿನಲ್ಲೂ ಮಿದುಳು ಕೆಲಸ ಮಾಡುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು.

ಮಿದುಳಿನ ವೈದ್ಯರಲ್ಲೂ ಆತ್ಮದ ಕಡೆ ವಾಲಿದವರಿದ್ದರು. ಅವರಲ್ಲಿ ದೊಡ್ಡ ಹೆಸರು ಕೆನಡಾದ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್. ಮೂರ್ಛೆರೋಗಿಗಳನ್ನು ಎಚ್ಚರವಾಗಿಟ್ಟುಕೊಂಡೇ ಆಪರೇಷನ್ ಮಾಡುತ್ತಿದ್ದರು. ಮಿದುಳಿನ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಮುಟ್ಟಿಸಿದರೆ ರೋಗಿಯ ಕೈ ಎದ್ದೇಳುತ್ತಿತ್ತು. ಏನಾಯಿತು ಎಂದು ಕೇಳಿದರೆ, ನಾನು ಮಾಡಲಿಲ್ಲ, ನೀವು ಮಾಡಿದಿರಿ ಎನ್ನುತ್ತಿದ್ದರು. ಕೈಯನ್ನು ಎಬ್ಬಿಸಬಹುದು, ಹಳೆಯ ಹಾಡು ಕೇಳಿಸಬಹುದು, ಆದರೆ 'ನಾನು ಮಾಡುತ್ತೇನೆ' ಎಂಬ ನಿರ್ಧಾರವನ್ನು ಎಲ್ಲೂ ಮುಟ್ಟಿ ಹುಟ್ಟಿಸಲಾಗಲಿಲ್ಲ. ಹಾಗಾಗಿ ಮನಸ್ಸು ಮಿದುಳಿಗಿಂತ ಬೇರೆಯೇ ಇರಬೇಕು ಎಂಬ ಕಡೆಗೆ ಅವರು ಕೊನೆಗಾಲದಲ್ಲಿ ಬಂದರು. ಗೌರವದಿಂದ ಕೇಳಬೇಕಾದ ಸಾಕ್ಷಿ ಅದು. ಆದರೆ 2009ರಲ್ಲಿ ಫ್ರಾನ್ಸಿನಲ್ಲಿ ಬೇರೊಂದು ಜಾಗ ಸಿಕ್ಕಿತು. ಮಿದುಳಿನ ಮೇಲ್ಭಾಗದ ಹಿಂಬದಿಯ ಆ ಜಾಗಕ್ಕೆ ವಿದ್ಯುತ್ ಮುಟ್ಟಿಸಿದಾಗ ರೋಗಿಗಳಿಗೆ ಕೈ ಆಡಿಸಬೇಕು, ತುಟಿ ಆಡಿಸಬೇಕು ಎಂಬ ಆಸೆಯೇ ಹುಟ್ಟಿತು. ವಿದ್ಯುತ್ ಜಾಸ್ತಿ ಮಾಡಿದಾಗ, ಕೈ ಒಂದಿಷ್ಟೂ ಅಲ್ಲಾಡದಿದ್ದರೂ, ಆಡಿಸಿದೆ ಎಂದೇ ಹೇಳಿದರು. ಪೆನ್‌ಫೀಲ್ಡ್ ಆತ್ಮಕ್ಕೆ ಅಂತ ಕಾದಿರಿಸಿದ್ದ ಕೋಣೆಗೂ ತಂತಿ ಹೋಯಿತು.

ಆತ್ಮದ ಪರವಾಗಿ ಇದಕ್ಕಿಂತ ಬಲವಾದ ವಾದ ನಮ್ಮ ನೈಯಾಯಿಕರದ್ದು, ಅಂದರೆ ನ್ಯಾಯ ದರ್ಶನದ ತರ್ಕಪಂಡಿತರದ್ದು. ನ್ಯಾಯಸೂತ್ರದ ಮೂರನೇ ಅಧ್ಯಾಯ ಅದರಿಂದಲೇ ಶುರುವಾಗುತ್ತದೆ. ಕಣ್ಣು ಮುಟ್ಟಲಾರದು, ಚರ್ಮ ನೋಡಲಾರದು. ಆದರೂ 'ನಾನು ನೋಡಿದ ಹಣ್ಣನ್ನೇ ಈಗ ಮುಟ್ಟುತ್ತಿದ್ದೇನೆ' ಎನ್ನುತ್ತೇವೆ. ಎರಡನ್ನೂ ಸೇರಿಸುವ ಒಬ್ಬರು ಇರಲೇಬೇಕು. ಆ ಒಬ್ಬರೇ ಆತ್ಮ. ಯುರೋಪಿನಲ್ಲಿ ತತ್ವಜ್ಞಾನಿ ದೇಕಾರ್ತ್ ಕೂಡ ಇದಕ್ಕೆ ಹತ್ತಿರದ ಮಾತು ಹೇಳಿದ. ದೇಹವನ್ನು ತುಂಡು ಮಾಡಬಹುದು, ನಾನು ಎಂಬುದನ್ನು ತುಂಡು ಮಾಡಲಾಗದು, ಹಾಗಾಗಿ ಎರಡೂ ಬೇರೆ. (ಬೇರೆಯಾದರೆ ಆತ್ಮ ದೇಹವನ್ನು ಅಲ್ಲಾಡಿಸುವುದು ಹೇಗೆ ಎಂದು 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಪತ್ರ ಬರೆದು ಕೇಳಿದಳು. ಆಕೆಗೆ ಸಮಾಧಾನವಾಗುವ ಉತ್ತರ ಅವನಿಂದ ಬರಲಿಲ್ಲ.)

ಈ ಒಂದುತನವನ್ನು ಕತ್ತರಿಸಿದರೆ ಏನಾಗುತ್ತದೆ? ಇದು ಬರೀ ಊಹೆಯಾಗಿ ಉಳಿಯಲಿಲ್ಲ. ಮಿದುಳಿನ ಎಡ ಬಲ ಭಾಗಗಳ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆ ಇದೆ. ತೀವ್ರ ಮೂರ್ಛೆರೋಗಕ್ಕೆ ಬೇರೆ ದಾರಿಯಿಲ್ಲದಾಗ ವೈದ್ಯರು ಅದನ್ನು ಕತ್ತರಿಸಿದ್ದಾರೆ. ಅಂಥ ರೋಗಿಗಳನ್ನು ಅಭ್ಯಾಸ ಮಾಡಿದ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮೈಕಲ್ ಗಜಾನಿಗಾ ಮಾಡಿದ ಒಂದು ಪರೀಕ್ಷೆ ಕೇಳಿ. ರೋಗಿಯ ಎಡಮಿದುಳಿಗೆ ಮಾತ್ರ ಕಾಣುವಂತೆ ಕೋಳಿಕಾಲಿನ ಚಿತ್ರ ತೋರಿಸಿದರು. ಬಲಮಿದುಳಿಗೆ ಹಿಮ ಮುಚ್ಚಿದ ಮನೆಯ ಚಿತ್ರ. ಆಮೇಲೆ ಎದುರಿಗಿದ್ದ ಚಿತ್ರಗಳಲ್ಲಿ ಹೊಂದುವಂಥದ್ದನ್ನು ತೋರಿಸಲು ಹೇಳಿದರು. (ಬಲಗೈಯನ್ನು ನಡೆಸುವುದು ಎಡಮಿದುಳು, ಎಡಗೈಯನ್ನು ಬಲಮಿದುಳು.) ಬಲಗೈ ಕೋಳಿಯನ್ನು ತೋರಿಸಿತು. ಎಡಗೈ ಹಿಮ ಎತ್ತುವ ಸಲಿಕೆ ತೋರಿಸಿತು. ಎರಡೂ ಸರಿ. ಸಲಿಕೆ ಯಾಕೆ ಎಂದು ಕೇಳಿದರು. ಮಾತಾಡುವುದು ಎಡಮಿದುಳು, ಅದು ಹಿಮವನ್ನು ನೋಡೇ ಇಲ್ಲ. ನೋಡಿಲ್ಲ ಅಂತ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಕೋಳಿಗೂಡು ಬಾಚೋದಕ್ಕೆ ಸಲಿಕೆ ಬೇಕಲ್ಲ ಎಂದಿತು, ಏನೂ ತಡವರಿಸದೆ.

ನನಗೆ ಈ ಪ್ರಯೋಗ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆ ರೋಗಿ ಸುಳ್ಳು ಹೇಳುತ್ತಿರಲಿಲ್ಲ. 'ನಾನು ಇದಕ್ಕೇ ಮಾಡಿದೆ' ಎಂದು ಅವನಿಗೆ ಹಾಗೇ ಅನಿಸಿತು. ನಾವೆಲ್ಲ ಒಳಗೆ ಕಾಣುವ ಆ 'ಒಬ್ಬ ನಾನು' ಕೂಡ ಸ್ವಲ್ಪ ಮಟ್ಟಿಗೆ ಹೀಗೆಯೇ ಕಟ್ಟಿದ್ದಿರಬಹುದು. ಇಂಥ ರೋಗಿಗಳಲ್ಲಿ ಎರಡು ಅರಿವು ಇದೆಯೋ, ಒಡೆದ ನೋಟಗಳಿರುವ ಒಂದೇ ಅರಿವು ಇದೆಯೋ ಎಂಬುದು ಇನ್ನೂ ಚರ್ಚೆಯಲ್ಲಿದೆ. ಒಂದೇ ಎಂದು ವಾದಿಸುವ ಸಂಶೋಧಕರೂ ಇದ್ದಾರೆ. ಆದರೂ ನೋಡಿದ್ದನ್ನು ಮುಟ್ಟಿದ್ದರ ಜೊತೆ ಸೇರಿಸುವ ಕೆಲಸ ಆ ನರತಂತುಗಳನ್ನು ನೆಚ್ಚಿಕೊಂಡಿದೆ ಎಂಬುದರಲ್ಲಿ ಅನುಮಾನ ಇಲ್ಲ. ಎಡಗೈಗೆ ಮುಚ್ಚಿ ಕೊಟ್ಟ ವಸ್ತು ಏನೆಂದು ಈ ರೋಗಿಗಳಿಗೆ ಬಾಯಲ್ಲಿ ಹೇಳಲಾಗುವುದಿಲ್ಲ. ನೈಯಾಯಿಕರು ಆತ್ಮಕ್ಕೆ ಕೊಟ್ಟ ಕೆಲಸ ಅದು.

ಹಾಗಾದರೆ ಏನು ಉಳಿಯಿತು? ನೆನಪು ಹೋಯಿತು. ಸ್ವಭಾವ ಹೋಯಿತು. ನಿರ್ಧಾರ, ಸೇರಿಸುವ ಶಕ್ತಿ ಕೂಡ ಮಿದುಳಿನ ಕಡೆಗೆ ಹೋದವು. ಉಳಿದದ್ದು 'ಅರಿವಾಗುತ್ತಿದೆ' ಎಂಬ ಬರಿಯ ಸಂಗತಿ. ಚಾಮರ್ಸ್ ಹೇಳಿದ ಒಗಟು ಅಷ್ಟೇ. ಅದಕ್ಕೆ ಹೆಸರಿಲ್ಲ, ಊರಿಲ್ಲ. ಅದು ಅಪ್ಪನೂ ಅಲ್ಲ, ಅಮ್ಮನೂ ಅಲ್ಲ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಋಷಿ ಮನೆ ಬಿಟ್ಟು ಹೊರಡುವ ಹೊತ್ತಿಗೆ ಹೆಂಡತಿ ಮೈತ್ರೇಯಿಗೆ ಹೇಳುವುದೂ ಇದಕ್ಕೆ ಹತ್ತಿರದ್ದೇ. ಆಸ್ತಿ ಪಾಲು ಮಾಡಲು ಹೊರಟವನನ್ನು ತಡೆದು, ಈ ದುಡ್ಡಿನಿಂದ ಸಾವನ್ನು ಗೆಲ್ಲಬಹುದಾ ಎಂದು ಕೇಳಿದವಳು ಅವಳು. ನೀರಿನಲ್ಲಿ ಕರಗಿದ ಉಪ್ಪಿನ ಮಾತು ಹೇಳಿ ಯಾಜ್ಞವಲ್ಕ್ಯ ಕೊನೆಗೆ ಹೇಳುತ್ತಾನೆ: ಸತ್ತ ಮೇಲೆ ಸಂಜ್ಞೆ, ಅಂದರೆ ಅರಿವು, ಇಲ್ಲ. ಮೈತ್ರೇಯಿ ಗಾಬರಿಯಾಗುತ್ತಾಳೆ. ಇದೇನು ಹೇಳಿಬಿಟ್ಟೆ, ನನ್ನನ್ನು ಗೊಂದಲಕ್ಕೆ ನೂಕಿದೆ ಎನ್ನುತ್ತಾಳೆ. ಎರಡು ಇದ್ದಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡುತ್ತಾರೆ, ಎಲ್ಲವೂ ಆತ್ಮವೇ ಆದಲ್ಲಿ ಯಾರು ಯಾರನ್ನು ಅರಿಯಬೇಕು ಎಂದು ಅವನ ಉತ್ತರ. ಇದನ್ನು ಅದ್ವೈತಿಗಳು ತಮ್ಮ ರೀತಿಯಲ್ಲಿ ಬಿಡಿಸುತ್ತಾರೆ. ಅದರ ಒಳಗೆ ನಾನು ಹೋಗುವುದಿಲ್ಲ. ನನಗೆ ಮುಖ್ಯವಾದದ್ದು ಮೈತ್ರೇಯಿಯ ಗಾಬರಿ. ಅವಳಿಗೆ ಬೇಕಾಗಿದ್ದು ನಮಗೆ ಬೇಕಾದದ್ದೇ, ಅಂದರೆ ಗುರುತಿರುವ, ನೆನಪಿರುವ, ಮುಂದೆಯೂ ಇರುವ 'ನಾನು'. ಯಾಜ್ಞವಲ್ಕ್ಯ ಅದನ್ನು ಕೊಡಲಿಲ್ಲ. ಹೆಂಡತಿಗೆ ಸಮಾಧಾನ ಆಗಲಿ ಎಂದು ಮಾತು ಬದಲಿಸಲೂ ಇಲ್ಲ.

ಉಡುಪಿಯ ಮಧ್ವಾಚಾರ್ಯರು ಇದನ್ನು ಖಂಡಿತ ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ಒಬ್ಬೊಬ್ಬ ಜೀವನೂ ಬೇರೆ, ಅವನ ಸ್ವರೂಪವೂ ಬೇರೆ, ಮೋಕ್ಷದಲ್ಲೂ ಆ ಭೇದ ಅಳಿಯುವುದಿಲ್ಲ. ಸುಖ ದುಃಖವನ್ನೂ ಕಾಲವನ್ನೂ ನೇರವಾಗಿ ಅರಿಯುವ ಸಾಕ್ಷಿ ಆ ಜೀವನದ್ದೇ. ನಮಗೆ ಬೇಕಾದ ಆತ್ಮಕ್ಕೆ ಬಹಳ ಹತ್ತಿರದ ದರ್ಶನ ಇದು. ಜನ್ಮದಿಂದ ಜನ್ಮಕ್ಕೆ ಸಂಸ್ಕಾರ ಒಯ್ಯಲು ಸೂಕ್ಷ್ಮ ಶರೀರ ಇದೆ ಎಂದು ಹಲವು ದರ್ಶನಗಳು ಹೇಳಿದ್ದೂ ಈ ತೊಡಕನ್ನು ಬಿಡಿಸಲಿಕ್ಕೇ. ಇವುಗಳನ್ನು ಶಾಸ್ತ್ರದ ಬಲದಿಂದ, ಭಕ್ತಿಯಿಂದ ಒಪ್ಪುವವರ ಜೊತೆ ನನಗೆ ಜಗಳವಿಲ್ಲ. ಅರಿವೊಂದೇ ಇದಕ್ಕೆ ಸಾಕ್ಷಿ ಎಂದು ಹೇಳಿದಾಗ ಮಾತ್ರ ನಾನು ತಡೆಯುತ್ತೇನೆ.

ಇನ್ನು ಪ್ರಶ್ನೆಗಳು.

ಹೃದಯ ನಿಂತು ಬದುಕಿ ಬಂದವರು ಮೇಲಿನಿಂದ ತಮ್ಮ ದೇಹವನ್ನೇ ನೋಡಿದೆವು ಎನ್ನುತ್ತಾರಲ್ಲ ಎಂದು ಒಬ್ಬರು ಕೇಳಿದರು. ಅವರು ಸುಳ್ಳು ಹೇಳುತ್ತಿಲ್ಲ. ಆ ಅನುಭವ ಅವರ ಬದುಕನ್ನೇ ಬದಲಿಸಿರುತ್ತದೆ. ಇದನ್ನು ಪರೀಕ್ಷಿಸಲು ಸ್ಯಾಮ್ ಪಾರ್ನಿಯಾ ಎಂಬ ವೈದ್ಯರು ಆಸ್ಪತ್ರೆಗಳಲ್ಲಿ ಮೇಲಿನಿಂದ ನೋಡಿದರೆ ಮಾತ್ರ ಕಾಣುವಂತೆ ಚಿತ್ರಗಳನ್ನು ಇಡಿಸಿದರು. 2014ರಲ್ಲಿ ಫಲಿತಾಂಶ ಬಂತು. ಹೃದಯ ನಿಂತ 2060 ಪ್ರಕರಣಗಳು. ಬದುಕುಳಿದು ಮಾತಾಡಲು ಸಿಕ್ಕವರು 140. ಚಿತ್ರ ನೋಡಿದೆ ಎಂದು ಯಾರೂ ಹೇಳಲಿಲ್ಲ. ಒಬ್ಬರು ಮಾತ್ರ ಆ ಹೊತ್ತಿನ ಸದ್ದು, ಕೋಣೆಯಲ್ಲಿದ್ದವರ ವಿವರವನ್ನು ಸರಿಯಾಗಿ ಹೇಳಿದರು. ಆದರೆ ಆ ಕೋಣೆಯಲ್ಲಿ ಚಿತ್ರ ಇರಲಿಲ್ಲ. ಹಾಗಾಗಿ ಆ ಬಾಗಿಲು ಪೂರ್ತಿ ಮುಚ್ಚಿದೆ ಎಂದು ನಾನು ಹೇಳುವುದಿಲ್ಲ. ತೆರೆದಿದೆ ಎನ್ನಲಂತೂ ಸಾಕ್ಷಿ ಸಾಲದು.

ಹಿಂದಿನ ಜನ್ಮ ಹೇಳುವ ಮಕ್ಕಳ ಬಗ್ಗೆ ಒಬ್ಬ ಮೇಷ್ಟ್ರು ಕೇಳಿದರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಇದಕ್ಕಾಗಿ ದಶಕಗಳನ್ನೇ ಕೊಟ್ಟರು. ಅಲ್ಲಿ ಈಗ 2500ಕ್ಕೂ ಹೆಚ್ಚು ಪ್ರಕರಣಗಳ ಸಂಗ್ರಹ ಇದೆ. ನಮ್ಮ ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಸ್ಟೀವನ್‌ಸನ್ ಜೊತೆ ಭಾರತದಲ್ಲಿ ಕೆಲಸ ಮಾಡಿದರು. ಶ್ರದ್ಧೆಯ ಕೆಲಸ ಅದು, ನಗುವಂಥದ್ದಲ್ಲ. ಆದರೆ ಎಷ್ಟೋ ಕಡೆ ಸಂಶೋಧಕರು ಹೋಗುವಷ್ಟರಲ್ಲಿ ಎರಡೂ ಮನೆಯವರು ಭೇಟಿಯಾಗಿ ಮಾತಾಡಿಕೊಂಡಿರುತ್ತಾರೆ. ಆಮೇಲೆ ಮಗು ಮೊದಲೇ ಏನು ಹೇಳಿತ್ತು, ದೊಡ್ಡವರು ಏನು ಸೇರಿಸಿದರು ಎಂದು ಬಿಡಿಸುವುದು ಕಷ್ಟ. ಇಲ್ಲಿ ಇನ್ನೊಂದನ್ನೂ ಗಮನಿಸಿ. ಈ ಪ್ರಕರಣಗಳು ನಿಜವೇ ಆದರೆ ಅವು ಹೇಳುವುದು ನೆನಪಿನ ಬಗ್ಗೆ. ಅರಿವು ಎಂಬ ಒಗಟಿನಿಂದ ಅಲ್ಲಿಗೆ ದಾರಿಯಿಲ್ಲ. ಅದನ್ನು ಬೇರೆಯಾಗಿಯೇ ಸಾಬೀತು ಮಾಡಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳದ್ದು. ಆಕೆಯ ತಮ್ಮ ಅಪಘಾತವಾದ ಮೇಲೆ ಕಣ್ಣು ಬಿಟ್ಟರೂ ಯಾವುದಕ್ಕೂ ಪ್ರತಿಕ್ರಿಯಿಸದೆ ಮಲಗಿದ್ದಾನೆ. ಆತ್ಮ ಇಲ್ಲ ಅಂದರೆ ಅವನು ಹೋದ ಅಂತಲೇ ಲೆಕ್ಕವಾ ಎಂದು ಕೇಳಿದರು.

ಇಲ್ಲ, ಖಂಡಿತ ಇಲ್ಲ. 2006ರಲ್ಲಿ ಇಂಗ್ಲೆಂಡಿನಲ್ಲಿ ಏಡ್ರಿಯನ್ ಓವೆನ್ ಮತ್ತು ಜೊತೆಗಾರರು ಇಂಥದ್ದೇ ಸ್ಥಿತಿಯಲ್ಲಿದ್ದ 23 ವರ್ಷದ ಯುವತಿಯನ್ನು ಸ್ಕ್ಯಾನರ್ ಒಳಗೆ ಮಲಗಿಸಿ, ಟೆನಿಸ್ ಆಡುತ್ತಿದ್ದೀಯ ಎಂದು ಕಲ್ಪಿಸಿಕೋ ಎಂದರು. ಕೈಕಾಲಿನ ಚಲನೆಯನ್ನು ಯೋಜಿಸುವ ಮಿದುಳಿನ ಭಾಗ ಚುರುಕಾಯಿತು. ನಿನ್ನ ಮನೆಯ ಕೋಣೆಗಳಲ್ಲಿ ಓಡಾಡು ಎಂದರು. ಜಾಗ ಗುರುತಿಸುವ ಭಾಗ ಚುರುಕಾಯಿತು. ಆರೋಗ್ಯವಂತರಲ್ಲಿ ಆಗುವ ಹಾಗೆಯೇ. ಅವಳು ಕೇಳಿಸಿಕೊಳ್ಳುತ್ತಿದ್ದಳು! 2010ರ ಹೊತ್ತಿಗೆ ಹೌದು ಎನ್ನಲು ಟೆನಿಸ್, ಇಲ್ಲ ಎನ್ನಲು ಮನೆ ಎಂದು ಗೊತ್ತು ಮಾಡಿಕೊಂಡು ಒಬ್ಬ ರೋಗಿ ಪ್ರಶ್ನೆಗಳಿಗೆ ಉತ್ತರಿಸಿದ. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಹೊರಗೆ ಏನೂ ಪ್ರತಿಕ್ರಿಯೆ ತೋರದ 241 ರೋಗಿಗಳ ಪೈಕಿ 60 ಜನರ ಮಿದುಳು ಸೂಚನೆಯನ್ನು ಪಾಲಿಸುತ್ತಿದ್ದದ್ದು ಕಂಡಿತು. ನಾಲ್ವರಲ್ಲಿ ಒಬ್ಬರು.

ಆಕೆಗೆ ನಾನು ಹೇಳಿದ್ದು ಇಷ್ಟು. ನಿಮ್ಮ ತಮ್ಮ ಆ ಒಬ್ಬರೋ ಅಲ್ಲವೋ ನನಗೆ ಗೊತ್ತಿಲ್ಲ. ಕೋಣೆಗೆ ಹೋದ ಕೂಡಲೇ ನೀವು ಯಾರು ಎಂದು ಹೇಳಿ, ಇವತ್ತು ಯಾವ ವಾರ ಎಂದು ಹೇಳಿ. ಬದುಕುತ್ತಾನೋ ಇಲ್ಲವೋ ಎಂಬ ಚರ್ಚೆ, ಆಸ್ಪತ್ರೆ ಬಿಲ್ಲಿನ ಮಾತು ಅವನ ತಲೆಯ ಹತ್ತಿರ ಬೇಡ. ಮುಂದಿನ ಸಲ ವೈದ್ಯರು ಸಿಕ್ಕಾಗ, ಸ್ಕ್ಯಾನ್ ಅಥವಾ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆ) ಮೂಲಕ ಇದನ್ನು ಪರೀಕ್ಷಿಸುವ ವ್ಯವಸ್ಥೆ ಎಲ್ಲಾದರೂ ಇದೆಯಾ ಎಂದು ಕೇಳಿ. ಒಂದು ಸಲ ಏನೂ ಕಾಣದಿದ್ದರೆ ಅಲ್ಲಿಗೇ ಬಿಡಬೇಡಿ. ಆ ರೋಗಿಗಳಿಗೂ ನಿದ್ದೆ, ಎಚ್ಚರ ಇರುತ್ತದೆ. ಇನ್ನೊಂದು ದಿನ ಮತ್ತೆ ನೋಡಲು ಹೇಳಿ.